ನೋಟಿಸ್ ಅವಧಿಯ ಆರು ವಾರಗಳು: ಸಾಗರದ ತರುಣರೊಬ್ಬರಿಗೆ ಉತ್ತರ

ಆತ್ಮೀಯರೇ,

ನಿಮ್ಮ ಪತ್ರ ಕೈಸೇರಿದಾಗ ನಾನು ರಜೆಯಲ್ಲಿ ತೀರ್ಥಹಳ್ಳಿಯ ಮನೆಯಲ್ಲಿದ್ದೆ. ಸಾಗರದಿಂದ ಸ್ಟುಟ್‌ಗಾರ್ಟ್‌ಗೆ ಬಂದು ಎರಡು ವರ್ಷವಾಗಿರುವ ನೀವು, ಮ್ಯೂನಿಕ್‌ನಲ್ಲಿ ಬೇರೆ ಕೆಲಸ ಸಿಕ್ಕಿ ರಾಜೀನಾಮೆ ಕೊಟ್ಟ ದಿನದಿಂದ ನಿಮ್ಮ ಮ್ಯಾನೇಜರ್ ನಿಮ್ಮನ್ನು ಸಭೆಗಳಿಂದ ಹೊರಗಿಡುತ್ತಿದ್ದಾರೆ, ಹಳೆಯ ತಪ್ಪುಗಳನ್ನು ಎಲ್ಲರೆದುರು ಎತ್ತಿ ಆಡುತ್ತಿದ್ದಾರೆ, ಉಳಿದ ರಜೆ ಕೊಡುವುದಿಲ್ಲವೆಂದೂ ವಾಸದ ಪರವಾನಗಿ ನೋಡಿಕೊಳ್ಳುವ ವಿದೇಶೀಯರ ಕಚೇರಿಗೆ ಬರೆಯುತ್ತೇನೆಂದೂ ಹೆದರಿಸುತ್ತಿದ್ದಾರೆ ಎಂದು ಬರೆದಿದ್ದೀರಿ. ಉಳಿದ ಆರು ವಾರ ಸಹಿಸಿಕೊಳ್ಳುವುದೋ, ಕಾಯಿಲೆ ರಜೆ ಹಾಕಿ ಮನೆಯಲ್ಲಿರುವುದೋ, ಎದುರು ನಿಲ್ಲುವುದೋ ಎಂಬುದು ನಿಮ್ಮ ಪ್ರಶ್ನೆ.

ನನ್ನ ಅಭಿಪ್ರಾಯ ಈ ಮೂರಕ್ಕಿಂತ ಬೇರೆ. ಆ ಮನುಷ್ಯರ ಮನಸ್ಸನ್ನು ತಿದ್ದುವ ಹೊಣೆ ನಿಮ್ಮದಲ್ಲ. ನಿಮ್ಮ ತಾರೀಖುಗಳೂ ನಿಮ್ಮ ಕಾಗದಗಳೂ ಸರಿಯಾಗಿ ನಿಮ್ಮ ಕೈಗೆ ಬರುವಂತೆ ನೋಡಿಕೊಳ್ಳುವುದಷ್ಟೇ ನಿಮ್ಮ ಹೊಣೆ. ಇಲ್ಲಿ ಈಗ ಅಡಿಕೆ ತೋಟಗಳಲ್ಲಿ ಕೊಳೆರೋಗ ತಡೆಯುವ ಬೋರ್ಡೋ ದ್ರಾವಣವನ್ನು ಎರಡನೆಯ ಸಲ ಹೊಡೆಯಲು ಮಳೆ ಹೊಳವಾಗುವುದನ್ನೇ ಎಲ್ಲರೂ ಕಾಯುತ್ತಿದ್ದಾರೆ. ಕೊಳೆ ಹತ್ತಿ ಕಾಯಿ ಉದುರತೊಡಗಿದ ಮೇಲೆ ಔಷಧಿ ಹೊಡೆದರೆ ಉದುರಿದ ಕಾಯಿ ಮರಳುವುದಿಲ್ಲವೆಂಬುದು ನಿಮಗೂ ಗೊತ್ತು. ನಾನು ಹೇಳುವುದೆಲ್ಲವೂ ಆ ಹೊಳವು ಇರುವಾಗಲೇ, ಅಂದರೆ ನೀವು ಇನ್ನೂ ಆ ಕಂಪನಿಯ ನೌಕರರಾಗಿರುವಾಗಲೇ, ಆಗಬೇಕಾದ ಕೆಲಸ.

ಮೊದಲು ಹೇಳಿ, ರಾಜೀನಾಮೆಯನ್ನು ಕಾಗದದ ಮೇಲೆ ಬರೆದು, ಶಾಯಿಯಲ್ಲಿ ಸಹಿ ಹಾಕಿ ಕೊಟ್ಟಿದ್ದೀರಾ? ಜರ್ಮನಿಯ ಕಾನೂನಿನಲ್ಲಿ ಇ-ಮೇಲ್ ಮೂಲಕ ಕೊಟ್ಟ ರಾಜೀನಾಮೆಗೆ ಬೆಲೆಯಿಲ್ಲ. ಇದನ್ನು ನಾನು 2011ರಲ್ಲಿ ಕಷ್ಟಪಟ್ಟು ಕಲಿತೆ. ಇ-ಮೇಲ್ ಕಳಿಸಿ ನಿಶ್ಚಿಂತನಾಗಿದ್ದ ನನಗೆ ಅಂದಿನ ಮೇಲಧಿಕಾರಿ ಮೂರು ವಾರ ಏನೂ ಹೇಳಲಿಲ್ಲ. ಅನಂತರ ಒಂದು ಶುಕ್ರವಾರ ಸಂಜೆ, "ನೀವು ರಾಜೀನಾಮೆಯನ್ನೇ ಕೊಟ್ಟಿಲ್ಲವಲ್ಲ" ಎಂದರು. ಮತ್ತೆ ಕಾಗದ ಕೊಟ್ಟು, ಮತ್ತೆ ನೋಟಿಸ್ ಅವಧಿ ಎಣಿಸಿ, ಹೊಸ ಕಂಪನಿಯವರ ಬಳಿ ಒಂದು ತಿಂಗಳ ಅವಕಾಶ ಬೇಡಬೇಕಾಯಿತು. ನೀವು ಇ-ಮೇಲ್ ಮಾತ್ರ ಕಳಿಸಿದ್ದರೆ ನಾಳೆಯೇ ಕಾಗದ ಕೊಟ್ಟು, ತಲುಪಿದ್ದಕ್ಕೆ ತಾರೀಖಿನೊಂದಿಗೆ ಸಹಿ ಪಡೆಯಿರಿ.

ವಿದೇಶೀಯರ ಕಚೇರಿಯ ಹೆಸರು ಹೇಳಿ ಹೆದರಿಸಿದ್ದರಿಂದ ನಿಮಗೆ ನಿದ್ರೆ ಬರುತ್ತಿಲ್ಲ ಎಂದಿದ್ದೀರಿ. ಕೆಲಸ ಅವಧಿಗೆ ಮೊದಲೇ ಮುಗಿದರೆ ನಾಲ್ಕು ವಾರದೊಳಗೆ ಆ ಕಚೇರಿಗೆ ತಿಳಿಸುವುದು ಕಂಪನಿಗೆ ಕಾನೂನೇ ವಿಧಿಸಿದ ಕರ್ತವ್ಯ. ಅದು ನಿಮ್ಮ ಮೇಲಿನ ದೂರಲ್ಲ. ನಿಮಗೂ ಅಂಥದೇ ಕರ್ತವ್ಯವಿದೆ, ಎರಡು ವಾರದೊಳಗೆ. ಆದ್ದರಿಂದ ಅವರಿಗಿಂತ ಮೊದಲು ನೀವೇ ಹೊಸ ಕೆಲಸದ ಒಪ್ಪಂದದ ಪ್ರತಿಯೊಂದಿಗೆ ಬರೆದುಬಿಡಿ. ಬ್ಲೂ ಕಾರ್ಡ್, ಅಂದರೆ ಉನ್ನತ ಶಿಕ್ಷಣ ಪಡೆದ ವಿದೇಶಿ ನೌಕರರಿಗೆ ಕೊಡುವ ವಾಸದ ಪರವಾನಗಿ, ಇರುವವರು ಕೆಲಸ ಬದಲಿಸುವುದನ್ನು ಕಚೇರಿ ಪರಿಶೀಲಿಸಿ ತಡೆಯಬಹುದಾದದ್ದು ಮೊದಲ ಹನ್ನೆರಡು ತಿಂಗಳಲ್ಲಿ ಮಾತ್ರ, ಮತ್ತು ನೀವು ಅದನ್ನು ದಾಟಿ ಬಹಳ ಕಾಲವಾಯಿತು. ರಜೆಯ ವಿಷಯವೂ ಹೀಗೆಯೇ: ತುರ್ತು ಕೆಲಸದ ಕಾರಣವಿದ್ದರೆ ಅವರು ರಜೆ ನಿರಾಕರಿಸಬಹುದು, ಆದರೆ ಬಳಸದೆ ಉಳಿದ ದಿನಗಳಿಗೆ ಕೊನೆಯಲ್ಲಿ ಹಣ ಕೊಡಲೇಬೇಕು. ರಜೆಯ ಕೋರಿಕೆಯನ್ನು ಬರಹದಲ್ಲಿ ಇಡಿ, ಉತ್ತರವನ್ನೂ ಬರಹದಲ್ಲೇ ಕೇಳಿ.

ಕಾಯಿಲೆ ರಜೆಯ ಬಗ್ಗೆ ಎಚ್ಚರಿಸಬೇಕು. ಒತ್ತಡದಿಂದ ಆರೋಗ್ಯ ನಿಜವಾಗಿಯೂ ಕೆಟ್ಟಿದ್ದರೆ ಒಂದು ದಿನವೂ ತಡಮಾಡದೆ ವೈದ್ಯರ ಬಳಿ ಹೋಗಿ, ಅದರಲ್ಲಿ ಅವಮಾನವಿಲ್ಲ. ಆದರೆ ತಪ್ಪಿಸಿಕೊಳ್ಳುವ ದಾರಿಯಾಗಿ ಅದನ್ನು ಬಳಸಬೇಡಿ. ರಾಜೀನಾಮೆಯ ದಿನದಿಂದ ಕೊನೆಯ ದಿನದವರೆಗೆ ಸರಿಯಾಗಿ ಹೊಂದುವ ವೈದ್ಯಕೀಯ ಪತ್ರವನ್ನು ಕಂಪನಿ ಸಂಶಯಿಸಬಹುದೆಂದು ಜರ್ಮನಿಯ ಕಾರ್ಮಿಕ ವ್ಯವಹಾರಗಳ ಸರ್ವೋಚ್ಚ ನ್ಯಾಯಾಲಯ 2021ರ ಸೆಪ್ಟೆಂಬರ್‌ನಲ್ಲಿ ತೀರ್ಪು ಕೊಟ್ಟಿದೆ, ಸಂಬಳ ನಿಲ್ಲಬಹುದು.

ಇನ್ನೊಂದು ವಿಷಯ, ನಮ್ಮ ಊರಿನ ಹುಡುಗರು ಅರಿಯದೆ ಮಾಡುವಂಥದು. ಮ್ಯಾನೇಜರ್ ಬೈಯುವುದನ್ನು ಮೊಬೈಲ್‌ನಲ್ಲಿ ಗುಟ್ಟಾಗಿ ರೆಕಾರ್ಡ್ ಮಾಡಬೇಡಿ, ಅಲ್ಲಿ ಅದು ಅಪರಾಧ. ಸಾಕ್ಷ್ಯಕ್ಕೆಂದು ಕಂಪನಿಯ ಕಡತಗಳನ್ನು ನಿಮ್ಮ ಸ್ವಂತ ಇ-ಮೇಲ್‌ಗೆ ಕಳಿಸಿಕೊಂಡರೆ ನೋಟಿಸ್ ಇಲ್ಲದೆಯೇ ಹೊರಹಾಕಲು ಅವರಿಗೆ ನೀವೇ ಕಾರಣ ಒದಗಿಸಿದಂತೆ. ಒಂದು ನೋಟ್‌ಬುಕ್ ಇಟ್ಟುಕೊಂಡು ದಿನ, ಸಮಯ, ಆಡಿದ ಮಾತು, ಹತ್ತಿರವಿದ್ದವರು, ಇಷ್ಟನ್ನು ಸಂಜೆ ಮನೆಯಲ್ಲಿ ಕೈಯಿಂದ ಬರೆಯಿರಿ. ನಿಮ್ಮ ಕಂಪನಿಯಲ್ಲಿ ಬೆಟ್ರೀಬ್ಸ್‌ರಾಟ್, ಅಂದರೆ ನೌಕರರ ಮಂಡಳಿ, ಇದ್ದರೆ ಆ ನೋಟ್‌ಬುಕ್ ತೋರಿಸಿ ಅವರೊಂದಿಗೆ ಮಾತಾಡಿ. ನಿಮ್ಮ ಸಿಬ್ಬಂದಿ ಕಡತವನ್ನು ನೋಡುವ ಹಕ್ಕು ನಿಮಗಿದೆ, ಮಂಡಳಿಯ ಸದಸ್ಯರೊಬ್ಬರನ್ನು ಜೊತೆಗೆ ಕರೆದೊಯ್ಯುವ ಹಕ್ಕೂ ಇದೆ.

ನಾನು ಅತಿ ಮುಖ್ಯವೆಂದು ತಿಳಿಯುವುದು ಆರ್ಬೈಟ್ಸ್‌ಟ್ಸೋಯ್ಗ್ನಿಸ್ ಎಂಬ ಸೇವಾ ಪ್ರಮಾಣಪತ್ರವನ್ನು. ಮ್ಯಾನೇಜರ್ ಜೊತೆಗಿನ ಸಂಬಂಧ ಆರು ವಾರಕ್ಕೆ ಮುಗಿಯುತ್ತದೆ, ಈ ಕಾಗದವನ್ನು ಮಾತ್ರ ಮುಂದೆ ಕೆಲಸ ಕೇಳುವ ಕಡೆಯಲ್ಲೆಲ್ಲ ತೋರಿಸಬೇಕಾಗುತ್ತದೆ. ಕೆಡುಕಿನ ಮಾತನ್ನು ಅದರಲ್ಲಿ ನೇರವಾಗಿ ಬರೆಯುವಂತಿಲ್ಲದ ಕಾರಣ ಹೊಗಳಿಕೆಯಂತೆ ಕಾಣುವ ಒಂದು ಸಂಕೇತ ಭಾಷೆಯೇ ಬೆಳೆದಿದೆ. "ಸದಾ ನಮ್ಮ ಪರಿಪೂರ್ಣ ತೃಪ್ತಿಗೆ" ಎಂಬ ಅರ್ಥದ ಸಾಲಿದ್ದರೆ ಅತ್ಯುತ್ತಮ ದರ್ಜೆ; "ಸದಾ" ಎಂಬ ಪದವೂ "ಪರಿ" ಎಂಬ ಒತ್ತೂ ಬಿಟ್ಟುಹೋಗಿ "ನಮ್ಮ ಪೂರ್ಣ ತೃಪ್ತಿಗೆ" ಎಂದಷ್ಟೇ ಉಳಿದರೆ ಸಾಧಾರಣ; ಬರೀ "ತೃಪ್ತಿಗೆ" ಎಂದಿದ್ದರೆ ಅದಕ್ಕೂ ಕೆಳಗೆ. "ಬೆಮ್ಯೂಟ್", ಅಂದರೆ ಪ್ರಯತ್ನಪಟ್ಟರು, ಎಂದಿದ್ದರೆ ಕೈಲಾಗಲಿಲ್ಲವೆಂದೇ ಓದುತ್ತಾರೆ. ನನ್ನ ಮೊದಲ ಪತ್ರದಲ್ಲಿ ಆ ಪದವೇ ಇತ್ತು, ಮತ್ತು ನಾನು ಅದನ್ನು ಸಂತೋಷದಿಂದ ಮನೆಗೆ ತಂದು ಅಪ್ಪನಿಗೆ ಫೋನಿನಲ್ಲಿ ಓದಿ ಹೇಳಿದ್ದೆ. ನೌಕರರ ಮಂಡಳಿಯಲ್ಲಿದ್ದ ಒಬ್ಬ ಮಹಿಳೆ ಅದನ್ನು ನೋಡಿ, ಅರ್ಥ ಬಿಡಿಸಿ ಹೇಳಿ, ತಿದ್ದುಪಡಿ ಕೇಳುವ ಪತ್ರವನ್ನು ನನ್ನೊಂದಿಗೆ ಕುಳಿತು ಬರೆಸಿದರು. ತಿದ್ದಿದ ಪ್ರತಿ ಬಂತು.

ಸಾಧಾರಣಕ್ಕಿಂತ ಕೆಳಗಿನ ದರ್ಜೆ ಕೊಟ್ಟರೆ ಅದಕ್ಕೆ ಕಾರಣವನ್ನು ಕಂಪನಿಯೇ ಸಾಬೀತುಪಡಿಸಬೇಕು. ಮೇಲಿನ ದರ್ಜೆ ಬೇಕೆಂದರೆ ಸಾಬೀತುಪಡಿಸುವ ಹೊಣೆ ನಿಮ್ಮದು. ಕೆಲಸವನ್ನು ಅಚ್ಚುಕಟ್ಟಾಗಿ ವಹಿಸಿಕೊಡಿ ಎಂದು ನಾನು ಒತ್ತಾಯಿಸುವುದಕ್ಕೆ ಇದೂ ಒಂದು ಕಾರಣ. ಯಾವ ಕೆಲಸ ಎಲ್ಲಿಗೆ ಬಂದಿದೆ, ಯಾರಿಗೆ ವಹಿಸಿದ್ದೀರಿ ಎಂಬುದನ್ನು ವಾರಕ್ಕೊಮ್ಮೆ ಬರೆದು ಮ್ಯಾನೇಜರ್‌ಗೂ ಸಿಬ್ಬಂದಿ ವಿಭಾಗಕ್ಕೂ ಕಳಿಸಿ. ಮತ್ತೊಂದು ಕಾರಣ, ನೀವು ಬಿಟ್ಟದ್ದನ್ನು ಮುಂದುವರಿಸಬೇಕಾದವರು ನಿಮ್ಮ ಪಕ್ಕದಲ್ಲಿ ಕುಳಿತಿದ್ದ ಸಹೋದ್ಯೋಗಿಗಳು. ಅವರು ನಿಮಗೆ ಕೆಡುಕು ಮಾಡಿಲ್ಲ. ಸಭೆಗೆ ಕರೆಯದಿದ್ದರೆ ಆ ಸಮಯವನ್ನು ಇದಕ್ಕೇ ಬಳಸಿ.

ಸಾಗರದ ಮನೆಯಲ್ಲಿ ಇದನ್ನು ಯಾರಿಗೂ ಹೇಳಿಲ್ಲವೆಂದು ಬರೆದಿದ್ದೀರಿ. ತಾಯಿಯವರಿಗೆ ಆತಂಕವಾಗುತ್ತದೆಂಬುದು ನಿಜ, ಆದರೆ ನಿಮ್ಮ ಧ್ವನಿಯಿಂದ ಅವರು ಈಗಾಗಲೇ ಏನೋ ಊಹಿಸಿರುತ್ತಾರೆ. ಹೊಸ ಕೆಲಸ ಸಿಕ್ಕಿರುವುದನ್ನು ಮೊದಲು ಹೇಳಿ, ಉಳಿದದ್ದನ್ನು ಅನಂತರ ಹೇಳಿ.

ಈ ತಿಂಗಳ ಕೊನೆಗೆ ನಾನು ಸ್ಟುಟ್‌ಗಾರ್ಟ್‌ಗೆ ಮರಳುತ್ತೇನೆ. ಪ್ರಮಾಣಪತ್ರದ ಕರಡು ಬಂದರೆ ಒಪ್ಪಿಗೆ ಕೊಡುವ ಮೊದಲು ಒಂದು ಭಾನುವಾರ ಮನೆಗೆ ತನ್ನಿ. ನನ್ನ ಪತ್ರವನ್ನು ತಿದ್ದಿಸಿಕೊಟ್ಟ ಆ ಹಿರಿಯ ಮಹಿಳೆ ಈಗ ನಿವೃತ್ತರಾಗಿ ನಮ್ಮ ಬೀದಿಯಲ್ಲೇ ಇದ್ದಾರೆ. ಅವರನ್ನೂ ಕರೆಯುತ್ತೇನೆ, ಸಾಲು ಸಾಲಾಗಿ ಓದೋಣ.