ಟಾಂಜಾನಿಯಾದಲ್ಲಿ ಹೈಸ್ಕೂಲು ಯಾಕೆ ಇಂಗ್ಲಿಷಿನಲ್ಲಿ?

ಟಾಂಜಾನಿಯಾದಲ್ಲಿ ಬಹುತೇಕ ಎಲ್ಲರಿಗೂ ಸ್ವಾಹಿಲಿ ಬರುತ್ತದೆ, ಆದರೂ ಹೈಸ್ಕೂಲು ಯಾಕೆ ಇಂಗ್ಲಿಷಿನಲ್ಲಿ ಎಂದು ಕೇಳಿದ್ದೀರಿ. ಸ್ವಾಹಿಲಿಗೆ ಶಕ್ತಿ ಸಾಲದು ಅಂತ ಖಂಡಿತ ಅಲ್ಲ. ಮೊದಲ ಅಧ್ಯಕ್ಷ ಜೂಲಿಯಸ್ ನ್ಯೆರೆರೆ ಶೇಕ್ಸ್‌ಪಿಯರನ ನಾಟಕಗಳನ್ನೇ ಸ್ವಾಹಿಲಿಗೆ ತಂದವರು. 1967ರಿಂದ ಸರ್ಕಾರಿ ಪ್ರಾಥಮಿಕ ಶಾಲೆ ಸ್ವಾಹಿಲಿಯಲ್ಲೇ ನಡೆಯುತ್ತಿದೆ.

ತೊಂದರೆ ಶುರುವಾಗುವುದು ಏಳನೇ ಕ್ಲಾಸು ಮುಗಿದ ಮೇಲೆ. ಅಲ್ಲಿಯವರೆಗೆ ಮಗು, ಗಿಡ ಬೆಳಕಿನಿಂದ ಆಹಾರ ತಯಾರಿಸುವುದನ್ನು ಸ್ವಾಹಿಲಿಯಲ್ಲಿ 'ಉಸಾನಿಸಿನುರು' ಎಂದು ಕಲಿತಿರುತ್ತದೆ. 'ನುರು' ಅಂದರೆ ಬೆಳಕು. ನಮ್ಮ ದ್ಯುತಿಸಂಶ್ಲೇಷಣೆಯ ಹಾಗೇ ಕಟ್ಟಿದ ಪದ, ಆದರೆ ಬಾಯಿಗೆ ಸಲೀಸು! ಹೈಸ್ಕೂಲಿಗೆ ಬಂದ ಕೂಡಲೇ ಅದೇ ಪಾಠ ಫೋಟೋಸಿಂಥೆಸಿಸ್ ಆಗುತ್ತದೆ. ಮೇಷ್ಟ್ರು ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ ಬರೆದು, ಬಾಯಲ್ಲಿ ಸ್ವಾಹಿಲಿಯಲ್ಲಿ ವಿವರಿಸುತ್ತಾರೆ. ಮಕ್ಕಳು ಬೋರ್ಡನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡು ಬಾಯಿಪಾಠ ಮಾಡುತ್ತಾರೆ. ಪರೀಕ್ಷೆ ಮಾತ್ರ ಇಂಗ್ಲಿಷಿನಲ್ಲಿ. ವಿಷಯ ಗೊತ್ತಿದ್ದರೂ ವಾಕ್ಯ ಕಟ್ಟಲಾಗದೆ ಸೋಲುವವರು ಜಾಸ್ತಿ.

2014ರ ಶಿಕ್ಷಣ ನೀತಿ ಮೇಲಿನ ತರಗತಿಗಳಿಗೂ ಸ್ವಾಹಿಲಿ ಬಳಸಲು ಬಾಗಿಲು ತೆರೆಯಿತು. ಆದರೂ ಇಂಗ್ಲಿಷ್ ಕದಲಲಿಲ್ಲ. ಕೆಲಸ, ವಿಶ್ವವಿದ್ಯಾಲಯ, ಸಂಶೋಧನಾ ಪತ್ರಿಕೆ ಎಲ್ಲವೂ ಆ ಕಡೆಯೇ ಇರುವಾಗ ಅಪ್ಪ ಅಮ್ಮ ಹೇಗೆ ಒಪ್ಪುತ್ತಾರೆ? ದುಡ್ಡಿದ್ದವರು ಒಂದನೇ ಕ್ಲಾಸಿಂದಲೇ ಇಂಗ್ಲಿಷ್ ಮೀಡಿಯಂಗೆ ಹಾಕುತ್ತಾರೆ. ನಮಗೂ ಗೊತ್ತಿರುವ ಕಥೆಯೇ, ಅಲ್ವಾ?

ನನ್ನ ಮಟ್ಟಿಗೆ, ಇಂಗ್ಲಿಷನ್ನು ಒಂದು ವಿಷಯವಾಗಿ ಚೆನ್ನಾಗಿ ಕಲಿಸಿ, ವಿಜ್ಞಾನದ ಪರೀಕ್ಷೆಯನ್ನು ಎರಡೂ ಭಾಷೆಯಲ್ಲಿ ಬರೆಯಲು ಬಿಟ್ಟರೆ ಅರ್ಧ ತಲೆನೋವು ಕಡಿಮೆಯಾಗುತ್ತದೆ.