ಎಲ್ಲಿ ಅಳೆದಿರಿ ಅಂತ ಬರೆಯಿರಿ

ನಮಸ್ಕಾರ.

ಫೋರ್ಜ್ಡ್ ಪಿಸ್ಟನ್, ಅಂದರೆ ಎರಕ ಹೊಯ್ಯದೆ ಲೋಹವನ್ನು ಒತ್ತಿ ಮಾಡಿದ ಪಿಸ್ಟನ್ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಎರಡನೇ ಸಲ ಪೆನ್ಸಿಲ್, ಕಾಗದ ಹಿಡಿದುಕೊಂಡೇ ಕೂತಿದ್ದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಸುಮ್ನೆ ವಾಪಸ್ ಕಳಿಸೋಕೂ ಮನಸ್ಸು ಬರಲಿಲ್ಲ.

ನಿಮ್ಮದು ಹಳೇ ಕ್ಯಾಸ್ಟ್ ಐರನ್ ಬ್ಯಾರಲ್‌ನ (ಸಿಲಿಂಡರ್‌ನ) ಬುಲೆಟ್ 500 ಬೈಕು. ಬೋರಿಂಗ್ ಮಾಡಿಸಿ, ಅಂದರೆ ಸಿಲಿಂಡರ್‌ನ ಒಳಗನ್ನು ಕೊರೆಸಿ, ಫೋರ್ಜ್ಡ್ ಪಿಸ್ಟನ್ ಹಾಕಿಸಿದಿರಿ. ಚಾರ್ಮಾಡಿ ಘಾಟಿ ಹತ್ತುವಾಗ ಪಿಸ್ಟನ್ ಸಿಲಿಂಡರ್ ಒಳಗೇ ಬಿಗಿದು ಹಿಡಿದುಕೊಂಡಿತು. ಇಷ್ಟೂ ಐದನೇ ಪುಟದ ಕೊನೆಯಲ್ಲಿ ಎರಡು ಸಾಲಿನಲ್ಲಿ ಮುಗಿದುಹೋಗಿದೆ. ಅದಕ್ಕೆ ಮೊದಲು ನಾಲ್ಕು ಪುಟ ಫೋರ್ಜ್ಡ್ ಪಿಸ್ಟನ್ ಎಷ್ಟು ಗಟ್ಟಿ ಅನ್ನೋ ಹೊಗಳಿಕೆ. ಅದು ಪಿಸ್ಟನ್ ಡಬ್ಬಿಯ ಮೇಲೂ ಇರುತ್ತದೆ ಅಲ್ವಾ? ಹಿಂದಿನ ಚಕ್ರ ಜಾರಿದ್ದು, ನೀವು ಕ್ಲಚ್ ಹಿಡಿದದ್ದು, ರಸ್ತೆ ಬದಿಯಲ್ಲಿ ಎಂಜಿನ್ ತಣ್ಣಗಾಗಲಿ ಅಂತ ಕಾದದ್ದು, ಇವು ಯಾವ ಡಬ್ಬಿಯ ಮೇಲೂ ಇರುವುದಿಲ್ಲ. ಲೇಖನ ಘಾಟಿಯಿಂದಲೇ ಶುರುವಾಗಲಿ.

ಈಗ ತಪ್ಪುಗಳಿಗೆ ಬರುತ್ತೇನೆ. ಎರಡನೇ ಪುಟದಲ್ಲಿ ಕ್ಲಿಯರೆನ್ಸ್, ಅಂದರೆ ಪಿಸ್ಟನ್‌ಗೂ ಸಿಲಿಂಡರ್ ಗೋಡೆಗೂ ನಡುವೆ ಬಿಡುವ ಜಾಗ, '3 ಥೌ' ಅಂತ ಇದೆ. ನಾಲ್ಕನೇ ಪುಟದಲ್ಲಿ ಅದೇ '0.03 ಮಿ.ಮೀ.' ಆಗಿದೆ. ಒಂದು ಥೌ ಅಂದರೆ ಇಂಚಿನ ಸಾವಿರದಲ್ಲಿ ಒಂದು ಪಾಲು, 0.0254 ಮಿ.ಮೀ. ಮೂರು ಥೌ ಅಂದರೆ ಸುಮಾರು 0.076 ಮಿ.ಮೀ. ಎರಡಕ್ಕೂ ಎರಡೂವರೆ ಪಟ್ಟು ವ್ಯತ್ಯಾಸ. ನಿಮ್ಮ ಲೇಖನ ನಂಬಿ ಯಾರೋ ಹುಡುಗ 0.03 ಅಂತ ಚೀಟಿಯಲ್ಲಿ ಬರೆದುಕೊಂಡು ಲೇತ್ ಅಂಗಡಿಗೆ ಹೋಗುತ್ತಾನೆ. ಅವನ ಎಂಜಿನ್ ಮೊದಲ ಏರಿನಲ್ಲೇ ಹಿಡಿಯುತ್ತದೆ. ಈ ಒಂದು ಕಾರಣ ಸಾಕು, ನಾನು ಲೇಖನ ತಡೆಹಿಡಿಯಲು.

'ಫೋರ್ಜ್ಡ್ ಗಟ್ಟಿ, ಹಾಗಾಗಿ ಕಡಿಮೆ ಕ್ಲಿಯರೆನ್ಸ್ ಸಾಕು' ಎಂಬ ಮಾತು ಪೂರ್ತಿ ತಪ್ಪು. ಗಟ್ಟಿತನಕ್ಕೂ ಕ್ಲಿಯರೆನ್ಸ್‌ಗೂ ಸಂಬಂಧವಿಲ್ಲ. ಕ್ಲಿಯರೆನ್ಸ್ ಕೇಳುವುದು ಬಿಸಿಗೆ ಪಿಸ್ಟನ್ ಎಷ್ಟು ಹಿಗ್ಗುತ್ತದೆ ಎಂಬುದನ್ನು. ಅದನ್ನು ಹೆಚ್ಚಾಗಿ ತೀರ್ಮಾನಿಸುವುದು ಅಲ್ಯೂಮಿನಿಯಂನಲ್ಲಿ ಬೆರೆಸಿರುವ ಸಿಲಿಕಾನ್. ಫೋರ್ಜ್ಡ್ ಪಿಸ್ಟನ್‌ಗಳಲ್ಲಿ ಸಾಮಾನ್ಯವಾಗಿ ಸಿಗುವುದು ಎರಡು ಮಿಶ್ರಲೋಹ. 4032ರಲ್ಲಿ ಸಿಲಿಕಾನ್ ಶೇ. 12ರ ಆಸುಪಾಸು. 2618ರಲ್ಲಿ ಹೆಸರಿಗಷ್ಟೇ. ಅದಕ್ಕೇ 2618 ಜಾಸ್ತಿ ಹಿಗ್ಗುತ್ತದೆ. ಏಟು ಬಿದ್ದರೆ ಬಿರಿಯುವ ಬದಲು ಸ್ವಲ್ಪ ಬಾಗಿ ತಡೆದುಕೊಳ್ಳುತ್ತದೆ. ಟರ್ಬೊ ಹಾಕಿದವರು, ರೇಸ್‌ಗೆ ಕಟ್ಟುವವರು ಅದನ್ನು ಬಯಸುವುದು ಇದಕ್ಕೇ.

ನಿಮ್ಮ 84 ಮಿ.ಮೀ. ಬೋರ್‌ಗೆ (ಸಿಲಿಂಡರ್‌ನ ಒಳವ್ಯಾಸಕ್ಕೆ) ನಾನೇ ಲೆಕ್ಕ ಹಾಕಿ ನೋಡಿದೆ. ಬಿಸಿ 100 ಡಿಗ್ರಿ ಏರಿದರೆ 2618ರ ಪಿಸ್ಟನ್ 4032ರದ್ದಕ್ಕಿಂತ ಸುಮಾರು 0.024 ಮಿ.ಮೀ. ಜಾಸ್ತಿ ಹಿಗ್ಗುತ್ತದೆ. ಹೆಚ್ಚುಕಡಿಮೆ ಒಂದು ಥೌ. ನೀವು ಬಿಟ್ಟ ಜಾಗವೇ ಮೂರು ಥೌ. ನಿಮ್ಮ ಪಿಸ್ಟನ್ ಯಾವ ಮಿಶ್ರಲೋಹದ್ದು ಅಂತ ಐದು ಪುಟದಲ್ಲಿ ಒಂದು ಕಡೆಯೂ ಇಲ್ಲ. ಡಬ್ಬಿಯ ಜೊತೆ ಬಂದ ಚೀಟಿಯಲ್ಲಿ ಸಾಮಾನ್ಯವಾಗಿ ಅದು ಇರುತ್ತದೆ. ಎಷ್ಟು ಕ್ಲಿಯರೆನ್ಸ್ ಬಿಡಬೇಕು ಅನ್ನೋದೂ ಇರುತ್ತದೆ. ಬುಲೆಟ್ ಗಾಳಿಯಿಂದ ತಣಿಯುವ ಎಂಜಿನ್, ನೀರು ಸುತ್ತುವ ಎಂಜಿನ್‌ಗಿಂತ ಇದಕ್ಕೆ ಜಾಗ ಜಾಸ್ತಿ ಬೇಕು. ಆ ಚೀಟಿಯ ಅಂಕಿಯನ್ನು ಬಿಟ್ಟು ಮೆಕ್ಯಾನಿಕ್ ಬಾಯಿಮಾತಿನ ಅಂಕಿಯನ್ನು ಯಾಕೆ ತೆಗೆದುಕೊಂಡಿರಿ? ಅದನ್ನೂ ಬರೆಯಿರಿ. ಓದುಗರಲ್ಲಿ ತುಂಬ ಜನ ಅದನ್ನೇ ಮಾಡುತ್ತಾರೆ.

ಮೂರನೇ ಪುಟದ ಒಂದು ಸಾಲಿನ ಕೆಳಗೆ ನಾನು ಗೆರೆ ಎಳೆದಿದ್ದೇನೆ: 'ಎಣ್ಣೆ ರಿಂಗಿನ ಸ್ವಲ್ಪ ಕೆಳಗೆ ವರ್ನಿಯರ್ ಇಟ್ಟು ಪಿಸ್ಟನ್ ಅಳೆದೆವು.' ಎಣ್ಣೆ ರಿಂಗ್ ಅಂದರೆ ಪಿಸ್ಟನ್‌ನ ಮೇಲ್ಭಾಗದಲ್ಲಿರುವ ರಿಂಗುಗಳಲ್ಲಿ ಕೆಳಗಿನದು. ನಿಮ್ಮ ಕಥೆಯ ಗಂಟು ಬಹುಶಃ ಇಲ್ಲೇ ಇದೆ. ಪಿಸ್ಟನ್ ಕಣ್ಣಿಗೆ ದುಂಡಗೆ, ನೇರವಾಗಿ ಕಾಣುತ್ತದೆ, ಆದರೆ ಹಾಗಿರುವುದಿಲ್ಲ. ಮೇಲಿನಿಂದ ನೋಡಿದರೆ ಕೊಂಚ ಮೊಟ್ಟೆಯಾಕಾರ, ಗಜನ್ ಪಿನ್ (ಪಿಸ್ಟನ್ನನ್ನು ಕನೆಕ್ಟಿಂಗ್ ರಾಡ್‌ಗೆ ಸೇರಿಸುವ ಪಿನ್) ಇರುವ ಕಡೆ ಕಿರಿದು. ಪಕ್ಕದಿಂದ ನೋಡಿದರೆ ಪೀಪಾಯಿಯ ಹಾಗೆ, ಮೇಲೆ ಸಣ್ಣ, ಕೆಳಗೆ ಸ್ಕರ್ಟ್‌ನಲ್ಲಿ, ಅಂದರೆ ರಿಂಗುಗಳ ಕೆಳಗಿನ ಭಾಗದಲ್ಲಿ, ದೊಡ್ಡದು. ತಲೆ ಕಡೆ ಬಿಸಿ ಜಾಸ್ತಿ, ಅಲ್ಲಿ ಹಿಗ್ಗೋದೂ ಜಾಸ್ತಿ, ಅದಕ್ಕೇ ಹಾಗೆ ಕೆತ್ತಿರುತ್ತಾರೆ. ಆದ್ದರಿಂದ ಪಿನ್‌ಗೆ ಅಡ್ಡಲಾಗಿ, ಸ್ಕರ್ಟ್‌ನಲ್ಲಿ, ಚೀಟಿ ಹೇಳಿದ ಎತ್ತರದಲ್ಲೇ ಅಳೆಯಬೇಕು. ವರ್ನಿಯರ್ ಸಾಲದು, ಮೈಕ್ರೋಮೀಟರ್ ಬೇಕು. ಬ್ಯಾರಲ್ ಒಳಗೆ ಒಳವ್ಯಾಸ ಅಳೆಯುವ ಬೋರ್ ಗೇಜ್ ಇಳಿಸಿ ಮೇಲೆ, ನಡುವೆ, ಕೆಳಗೆ ನೋಡಬೇಕು.

ನೀವು ಮೇಲೆ, ಸಣ್ಣ ಇರುವ ಕಡೆ ಅಳೆದಿರಿ. ಲೇತ್‌ನವರು ಆ ಅಳತೆಗೆ ಮೂರು ಥೌ ಕೂಡಿಸಿ ಬೋರ್ ಮಾಡಿದರು. ಅಂದಮೇಲೆ ಕೆಳಗೆ, ದೊಡ್ಡ ಇರುವ ಕಡೆ, ಮೂರು ಥೌ ಉಳಿದೇ ಇರಲಿಲ್ಲ. ಬಿಚ್ಚಿ ನೋಡಿದಾಗ ಸ್ಕರ್ಟ್‌ನ ಹಿಂದೆ ಮುಂದೆ ಎರಡೂ ಕಡೆ ಉದ್ದುದ್ದ ಗೀರು ಇತ್ತು ಅಂತ ನೀವೇ ಬರೆದಿದ್ದೀರಿ. ಜಾಗ ಸಾಲದೆ ಉಜ್ಜಿದರೆ ಹಾಗೇ ಆಗುತ್ತದೆ. ಎಣ್ಣೆಯದೂ ಪಾಲಿರಬಹುದು, ಇಲ್ಲ ಅನ್ನಲಾರೆ. ಆದರೆ 'ಎಣ್ಣೆ ಸರಿಯಿರಲಿಲ್ಲ' ಅಂತ ಒಂದೇ ಮಾತಿನಲ್ಲಿ ಮುಗಿಸುವ ಹಾಗಿಲ್ಲ.

ರಿಂಗ್ ಗ್ಯಾಪ್ (ಪಿಸ್ಟನ್ ರಿಂಗಿನ ಎರಡು ತುದಿಗಳ ನಡುವಿನ ಸಂದು) ಬಗ್ಗೆ ಮುಕ್ಕಾಲು ಪುಟ ಇದೆ, ನಾಲ್ಕು ಸಾಲು ಸಾಕು. ಬೋರ್‌ನ ಪ್ರತಿ ಇಂಚಿಗೆ ನಾಲ್ಕು ಥೌ ಅನ್ನೋ ರೂಢಿಯ ಲೆಕ್ಕದಲ್ಲಿ ನಿಮ್ಮದಕ್ಕೆ ಸುಮಾರು 0.34 ಮಿ.ಮೀ. ಬರುತ್ತದೆ. ಇಲ್ಲೂ ಚೀಟಿಯ ಮಾತೇ ಕೊನೆ. ಗ್ಯಾಪ್ ಸಾಲದಿದ್ದರೆ ಬಿಸಿಯಲ್ಲಿ ರಿಂಗಿನ ತುದಿಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ, ರಿಂಗ್ ಮುರಿಯುತ್ತದೆ.

ಭಾಷೆಯ ಬಗ್ಗೆ ಒಂದು ಮಾತು. ಕ್ಲಿಯರೆನ್ಸ್‌ಗೆ 'ಅಂತರಾವಕಾಶ' ಅಂದಿದ್ದೀರಿ, ಸೀಜ್ ಆಗುವುದಕ್ಕೆ 'ಸ್ತಂಭನ'. ಲೇತ್ ಅಂಗಡಿಯಲ್ಲಿ ನೀವು ಹಾಗೆ ಕೇಳಿದಿರಾ? ಅಲ್ಲಿ ಆಡಿದ ಮಾತನ್ನೇ ಬರೆಯಿರಿ. 'ಹಿಡ್ಕೊಂಡಿದೆ ಸಾರ್' ಅಂತ ಮೆಕ್ಯಾನಿಕ್ ಹೇಳಿದ್ದನ್ನು ನೀವೇ ಒಂದು ಕಡೆ ಬರೆದಿದ್ದೀರಿ. ಇಡೀ ಲೇಖನದಲ್ಲಿ ನನಗೆ ಹಿಡಿಸಿದ ಸಾಲು ಅದು.

ಇನ್ನೊಂದು ಪ್ರಶ್ನೆಗೆ ಉತ್ತರವೇ ಇಲ್ಲ. ನಿಮಗೆ ಫೋರ್ಜ್ಡ್ ಯಾಕೆ ಬೇಕಿತ್ತು? ಶಕ್ತಿ ಹೆಚ್ಚಲಿ ಅಂತ ಕಂಪ್ರೆಷನ್ ಏರಿಸಿದ್ದೀರಾ? ಕ್ಯಾಮ್ ಬದಲಾಯಿಸಿದ್ದೀರಾ? ಎಂಜಿನ್ ಕಂಪನಿ ಕೊಟ್ಟ ಹಾಗೇ ಇದ್ದು ಆಫೀಸಿಗೆ, ಊರಿಗೆ ಓಡಿಸುವುದಾದರೆ ಒಳ್ಳೆಯ ಎರಕದ ಪಿಸ್ಟನ್ ಸಾಕು. ಬೆಳಗ್ಗೆ ತಣ್ಣಗಿರುವಾಗ ಟಕಟಕ ಸದ್ದೂ ಕಡಿಮೆ. ಹೊಸ ಪಿಸ್ಟನ್ ಹಳೆಯದಕ್ಕಿಂತ ಎಷ್ಟು ಗ್ರಾಂ ಹೆಚ್ಚು ಅಥವಾ ಕಡಿಮೆ ಅಂತ ತೂಗಿ ನೋಡಿದಿರಾ? ಒಂದೇ ಸಿಲಿಂಡರ್‌ನ ಎಂಜಿನ್‌ನಲ್ಲಿ ಆ ವ್ಯತ್ಯಾಸ ಹ್ಯಾಂಡಲ್‌ಗೆ ನಡುಕವಾಗಿ ಬರುತ್ತದೆ.

ಆ ಪಿಸ್ಟನ್ ಎಸೆದಿಲ್ಲ ಅಂದುಕೊಂಡಿದ್ದೇನೆ. ಮೈಕ್ರೋಮೀಟರ್ ಇರುವ ಲೇತ್ ಅಂಗಡಿಗೆ ಅದನ್ನೂ, ಚೀಟಿಯನ್ನೂ ತೆಗೆದುಕೊಂಡು ಹೋಗಿ. ಎಣ್ಣೆ ರಿಂಗಿನ ಕೆಳಗೆ ಒಂದು ಸಲ, ಚೀಟಿ ಹೇಳಿದ ಜಾಗದಲ್ಲಿ ಒಂದು ಸಲ ಅಳೆಯಿರಿ, ಗೀರು ಇಲ್ಲದ ಕಡೆ ನೋಡಿಕೊಂಡು. ಎರಡೂ ಅಂಕಿಗಳನ್ನು ಲೇಖನದಲ್ಲಿ ಹಾಕಿ ಮತ್ತೆ ಕಳಿಸಿ. ಕಾಯುತ್ತಿರುತ್ತೇನೆ.