ಶಾಲೆಯ ಗೊಬ್ಬರದ ಗುಂಡಿ ನಾರುತ್ತಿದೆ, ಮುಚ್ಚಿಬಿಡಲೇ?

ಪ್ರಶ್ನೆ: ಬಿಸಿಯೂಟದ ತರಕಾರಿ ಸಿಪ್ಪೆಯಿಂದ ಗೊಬ್ಬರ ಮಾಡುವುದನ್ನು ಮಕ್ಕಳಿಗೆ ಕಲಿಸಲು ಶಾಲೆಯ ಹಿಂದೆ ಗುಂಡಿ ತೆಗೆಸಿದ್ದೆವು. ಮಳೆ ಹಿಡಿದ ಮೇಲೆ ಬರೀ ನಾತ, ನೊಣ. ‘ಮಕ್ಕಳನ್ನು ಓದಲು ಕಳಿಸಿದ್ದೇವೆ, ಕಸ ಎತ್ತಲು ಅಲ್ಲ’ ಎಂದು ಪೋಷಕರು ಬಂದು ಹೇಳಿದರು. ಗುಂಡಿ ಮುಚ್ಚಿಬಿಡಲೇ?
– ಒಬ್ಬ ಶಿಕ್ಷಕಿ, ತಿಪಟೂರು ತಾಲ್ಲೂಕು

ಉತ್ತರ: ಗುಂಡಿ ಬೇಕಾದರೆ ಮುಚ್ಚಿ, ತಾಯಿ; ಕೆಲಸ ಮಾತ್ರ ನಿಲ್ಲಿಸಬೇಡಿ. ಗುಂಡಿಯಲ್ಲಿ ಮಳೆನೀರು ನಿಂತರೆ ಗಾಳಿಯಾಡುವುದಿಲ್ಲ. ಆಗ ಗಾಳಿ ಬೇಡದ ಸೂಕ್ಷ್ಮಜೀವಿಗಳು ಹೆಚ್ಚುತ್ತವೆ, ನಾತ ಏಳುತ್ತದೆ. ನೆಲದ ಮೇಲೆ, ಮರದ ನೆರಳಿನಲ್ಲಿ ರಾಶಿ ಹಾಕಿ. ಉದ್ದ, ಅಗಲ, ಎತ್ತರ ಮೂರು ಮೂರು ಅಡಿ ಇರಲಿ. ಅದಕ್ಕಿಂತ ಚಿಕ್ಕದಾದರೆ ಕಾವು ನಿಲ್ಲುವುದಿಲ್ಲ. ಒಂದು ಪುಟ್ಟಿ ಹಸಿ ಸಿಪ್ಪೆಗೆ ಎರಡು ಮೂರು ಪುಟ್ಟಿ ತರಗೆಲೆ ಬೇಕು. ನಿಮ್ಮ ಕಡೆ ತೆಂಗಿನ ನಾರಿನ ಪುಡಿಗೆ ಬರವಿಲ್ಲ. ಅದು ತೇವ ಹೀರುತ್ತದೆ, ಆದರೆ ಕೊಳೆಯುವುದು ತುಂಬ ನಿಧಾನ. ತೆಳುವಾಗಿ ಉದುರಿಸಿದರೆ ಸಾಕು. ಅನ್ನ, ಸಾಂಬಾರು ಹಾಕಬೇಡಿ, ಇಲಿ ಬರುತ್ತವೆ.

ನಾತವನ್ನು ಮಕ್ಕಳಿಂದ ಮುಚ್ಚಿಡಬೇಡಿ, ಪಾಠ ಇರುವುದೇ ಅಲ್ಲಿ. ಒಂದು ಬಕೆಟ್ಟಿಗೆ ಬರೀ ಸಿಪ್ಪೆ, ಇನ್ನೊಂದಕ್ಕೆ ಸಿಪ್ಪೆಯ ಜೊತೆ ತರಗೆಲೆ ಹಾಕಿಸಿ. ವಾರ ಕಳೆದ ಮೇಲೆ ಅವರೇ ಮೂಸಿ ನೋಡಿ ಬರೆಯಲಿ. ರಾಶಿಯೊಳಗೆ ಕಬ್ಬಿಣದ ಸರಳು ಚುಚ್ಚಿಟ್ಟು, ಸ್ವಲ್ಪ ಹೊತ್ತಿನ ನಂತರ ಹೊರಗೆಳೆದು ಮುಟ್ಟಿಸಿ. ಚೆನ್ನಾಗಿ ಬೇಯುವ ರಾಶಿಯ ನಡುವೆ 55ರಿಂದ 60 ಡಿಗ್ರಿ ಶಾಖವಿರುತ್ತದೆ. ಸರಳು ಸುಡುವಷ್ಟು ಬಿಸಿಯಾಗಿರಬಹುದು, ಮೊದಲು ನೀವು ಮುಟ್ಟಿ ನೋಡಿ. ಒಲೆಯಿಲ್ಲದೆ ಈ ಬಿಸಿ ಎಲ್ಲಿಂದ ಬಂತು ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಉತ್ತರಕ್ಕೆ ಅವಸರ ಮಾಡಬೇಡಿ, ಒಂದು ದಿನ ಅವರೇ ಯೋಚಿಸಲಿ.

ಪೋಷಕರ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕಸದ ಕೆಲಸ ನಮ್ಮ ಊರುಗಳಲ್ಲಿ ಯಾರ ತಲೆಗೆ ಬೀಳುತ್ತ ಬಂದಿದೆ ಎಂಬುದನ್ನು ಅವರು ಅನುಭವಿಸಿದ್ದಾರೆ. ಆದ್ದರಿಂದ ಸರದಿ ಪಟ್ಟಿಯನ್ನು ಗೋಡೆಗೆ ಅಂಟಿಸಿ. ಅದರಲ್ಲಿ ಹುಡುಗ ಹುಡುಗಿಯರೆಲ್ಲರ ಹೆಸರಿರಲಿ, ಮೊದಲ ಹೆಸರು ನಿಮ್ಮದು, ಎರಡನೆಯದು ಮುಖ್ಯೋಪಾಧ್ಯಾಯರದು. ತಡವಾಗಿ ಬಂದ ಮಗುವಿಗೆ ಶಿಕ್ಷೆಯೆಂದು ಈ ಕೆಲಸ ಕೊಟ್ಟ ದಿನವೇ ಎಲ್ಲವೂ ಕೆಟ್ಟಿತೆಂದು ತಿಳಿಯಿರಿ. ಕೈಗೆ ಗಾಯವಾದವರು ಮುಟ್ಟುವುದು ಬೇಡ. ಉಳಿದವರು ಸೋಪು ಹಚ್ಚಿ ಕೈ ತೊಳೆಯಲಿ.

ಎರಡು ಮೂರು ತಿಂಗಳಲ್ಲಿ ಗೊಬ್ಬರ ಮಾಗುತ್ತದೆ. ಮೊದಲ ಬೆಳೆಗೆ ಟೊಮೆಟೊ ಬೇಡ, ಮಕ್ಕಳಿಗೆ ಅಷ್ಟು ಕಾಯುವ ತಾಳ್ಮೆಯಿರುವುದಿಲ್ಲ. ಹರಿವೆ ಬಿತ್ತಿ, 25ರಿಂದ 30 ದಿನಕ್ಕೆ ಸೊಪ್ಪು ಕೈಗೆ ಬರುತ್ತದೆ. ಅದನ್ನು ಬಿಸಿಯೂಟದ ಸಾರಿಗೆ ಹಾಕಿಸಿ, ಆ ದಿನ ದೂರು ಹೇಳಿದ ಪೋಷಕರನ್ನೂ ಊಟಕ್ಕೆ ಕರೆಯಿರಿ. ರಾಶಿಯ ವಿಷಯವನ್ನು ಅವರಿಗೆ ಮಕ್ಕಳೇ ವಿವರಿಸಲಿ. ದಸರಾ ರಜೆಗೆ ಮೊದಲು ರಾಶಿಯನ್ನು ಒಮ್ಮೆ ಮಗುಚಿ, ಒದ್ದೆ ಗೋಣಿಚೀಲ ಹೊದಿಸಿ ಹೋಗಿ.